ಗದಗದಾಗ ಗ್ಲೌಸ್ ಯಾಕ್ರಿ?

ನಮ್ಮ ಸ್ಟುಡಿಯೋ ಕೌಂಟರಿನ ಕೆಳಗೆ ಒಂದು ಡ್ರಾಯರ್ ಇದೆ. ರೀಲ್ ಕ್ಯಾಮೆರಾ ಕಾಲದಲ್ಲಿ ಅಪ್ಪ ಅದರಲ್ಲಿ ನೆಗೆಟಿವ್ ಇಡುತ್ತಿದ್ದರು. ಈಗ ಅದರ ತುಂಬ ಗ್ಲೌಸ್. ಐದು ಜೋಡಿ, ಜೊತೆಗೆ ಜೋಡಿ ಕಳೆದುಕೊಂಡ ಒಂದು ಎಡಗೈ. ಮೊನ್ನೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದ ಮಾಸ್ತರೊಬ್ಬರು, ನಾನು ಚಿಲ್ಲರೆ ಹುಡುಕುವಾಗ ಒಳಗೆ ಇಣುಕಿದರು. "ಅಲ್ರೀ, ಗದಗದಾಗ ಗ್ಲೌಸ್ ಯಾಕ್ರಿ? ಏಪ್ರಿಲ್ ಬಂದ್ರ ಮೈಮ್ಯಾಲೆ ಅಂಗಿ ಇಟ್ಕೊಳ್ಳೂದ ಕಷ್ಟ ಇಲ್ಲೆ" ಎಂದರು. ಎರಡು ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಸುಮ್ನೆ ನಕ್ಕು ಚಿಲ್ಲರೆ ಕೊಟ್ಟೆ. ಉತ್ತರ ಉದ್ದ ಇದೆ, ಇಲ್ಲಿ ಬರೆಯುತ್ತೇನೆ.

ಬೆಟಗೇರಿಯಲ್ಲಿ ನಮ್ಮ ಸ್ಟುಡಿಯೋ. ಹೊಟ್ಟೆಪಾಡು ಮದುವೆ ಫೋಟೋ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮದುವೆ ಇರುವುದಿಲ್ಲ. ಒಂದು ತಿಂಗಳು ಕ್ಯಾಮೆರಾಕ್ಕೂ ನನಗೂ ರಜೆ. ಸರಿಯಾಗಿ ಅದೇ ಹೊತ್ತಿಗೆ ಮಾಗಡಿ ಕೆರೆಯ ತುಂಬ ಹಕ್ಕಿ. ಬೆಂಗಳೂರು ಹತ್ತಿರದ ಮಾಗಡಿ ಅಲ್ಲ, ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ. ಗದಗದಿಂದ 26 ಕಿಲೋಮೀಟರ್. ಕೆರೆ ಅಂಥ ದೊಡ್ಡದೇನಲ್ಲ, 54 ಹೆಕ್ಟೇರ್ ಚಿಲ್ಲರೆ. ಆದರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ, ಸೇರಿದೆ. ಆ ಪಟ್ಟಿ ಸೇರುವ ಮೊದಲೂ ಹಕ್ಕಿಗಳು ಬರುತ್ತಿದ್ದವು, ನಾನೂ ಹೋಗುತ್ತಿದ್ದೆ. ಆಮೇಲೆ ಕಾರಿನಲ್ಲಿ ಬರುವವರು ಜಾಸ್ತಿ ಆದರು, ಅಷ್ಟೇ.

ಬರುವ ಹಕ್ಕಿಗಳಲ್ಲಿ ಮುಖ್ಯವಾದದ್ದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಯಾರೋ ಕಾಡಿಗೆ ಬೆರಳಿನಿಂದ ಎರಡು ಸಲ ಎಳೆದ ಹಾಗೆ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದನ್ನು ಅವುಗಳ ಮೈಗೆ ಕಟ್ಟಿದ ಯಂತ್ರದಿಂದ ಅಳೆದಿದ್ದಾರೆ. ಇಲ್ಲಿಗೆ ಬಂದು ಮಾಡುವುದೇನು? ಎರೆಹೊಲದಲ್ಲಿ ನಮ್ಮ ಕಡಲೆ, ಶೇಂಗಾ ತಿನ್ನುವುದು. ಕತ್ತಲಲ್ಲಿ ಹೊಲಕ್ಕೆ ಇಳಿದು ಮೇಯ್ದು, ಬೆಳಗಾಗುತ್ತಿದ್ದಂತೆ ಕೆರೆಗೆ ಮರಳುತ್ತವೆ. ಸಾಲು ಸಾಲಾಗಿ, ಗದ್ದಲ ಮಾಡುತ್ತಾ, ಕೆಂಪು ಆಕಾಶದ ಎದುರು. ಆ ಹದಿನೈದು ಇಪ್ಪತ್ತು ನಿಮಿಷ ನನಗೆ ಬೇಕು. ಅದಕ್ಕೆ ಮನೆಯಿಂದ ಐದಕ್ಕೆಲ್ಲ ಬೈಕ್ ಹೊರಡಬೇಕು, ಕತ್ತಲಿರುವಾಗಲೇ ಹೋಗಿ ಕೂರಬೇಕು, ಕೂತ ಮೇಲೆ ಅಲುಗಾಡಬಾರದು.

ಡಿಸೆಂಬರ್ ಕೊನೆಯ ಬೆಳಗಿನಲ್ಲಿ ಹದಿಮೂರು ಹದಿನಾಲ್ಕು ಡಿಗ್ರಿ ಇರುತ್ತದೆ. ಕಾಶ್ಮೀರದವರು ಕೇಳಿದರೆ ನಕ್ಕಾರು. ಆದರೆ ನನ್ನ ಬೆರಳು ಬೇರೆ ಜಾತಿ. ಥಂಡಿ ತಗುಲಿದರೆ ಮೊದಲು ತುದಿ ಬೆಳ್ಳಗಾಗುತ್ತದೆ, ಸುಣ್ಣದಲ್ಲಿ ಅದ್ದಿದ ಹಾಗೆ. ಆಮೇಲೆ ನೀಲಿ. ಬಿಸಿ ಸಿಕ್ಕ ಮೇಲೆ ಕೆಂಪಾಗಿ ಚುಚ್ಚಲು ಶುರುವಾಗುತ್ತದೆ. ಅಮ್ಮನಿಗೂ ಹೀಗೇ ಇತ್ತು. ಮುಂಜಾನೆ ಬಾವಿ ನೀರಿನಲ್ಲಿ ಪಾತ್ರೆ ತೊಳೆದು ಬಂದು ಒಲೆ ಮುಂದೆ ಕೈ ಚಾಚಿ ಕೂರುತ್ತಿದ್ದಳು. ಅದಕ್ಕೊಂದು ಹೆಸರಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಡಾಕ್ಟರು "ರೇನೋ" ಎಂದರು. ಥಂಡಿಗೆ ಬೆರಳಿನ ಸಣ್ಣ ರಕ್ತನಾಳಗಳು ಬೇಕಾದ್ದಕ್ಕಿಂತ ಹೆಚ್ಚು ಮುದುಡಿಕೊಳ್ಳುತ್ತವಂತೆ. ಬೀಡಿ ಸಿಗರೇಟು ಮುಟ್ಟಬೇಡ, ಕೈ ಒಂದೇ ಅಲ್ಲ, ಇಡೀ ಮೈ ಬೆಚ್ಚಗಿಡು ಎಂದರು. ಕೊನೆಯ ಮಾತಿನ ಬೆಲೆ ಗೊತ್ತಾಗಲು ನನಗೆ ಮೂರು ಚಳಿಗಾಲ ಬೇಕಾಯಿತು.

ಬಿಳಿಚಿದ ಬೆರಳಿಗೆ ಕ್ಯಾಮೆರಾ ಬಟನ್ ಗೊತ್ತಾಗುವುದಿಲ್ಲ. ಶಟರ್ ಬಟನ್ನಿಗೆ ಎರಡು ಹಂತ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೋ. ಈ ಅರ್ಧ ಎನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿನ ತುದಿಯೇ ಹೇಳಬೇಕು. ಜೀವ ಇಲ್ಲದ ಬೆರಳಿನಿಂದ ಒತ್ತಿದ ವರ್ಷ ನಾನು ನೂರಾರು ಫೋಟೋ ತಂದೆ. ಎಲ್ಲದರಲ್ಲೂ ಆಕಾಶ ಚೆನ್ನಾಗಿತ್ತು. ಹೆಬ್ಬಾತು ಮಾತ್ರ ಹಿಟ್ಟಿನ ಮುದ್ದೆ.

ಮೊದಲು ತಂದದ್ದು ಆನ್‌ಲೈನ್‌ನಲ್ಲಿ ಸಿಕ್ಕ ಬೈಕ್ ಗ್ಲೌಸ್. ಒಂಬೈನೂರು ರೂಪಾಯಿ. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ "ವಾಟರ್‌ಪ್ರೂಫ್", ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ "ವಾಟರ್ ರೆಸಿಸ್ಟೆಂಟ್". ಇವೆರಡೂ ಒಂದೇ ಅಲ್ಲ. ಒಂದಕ್ಕೆ ನೀರು ಒಳಗೆ ಬರುವುದಿಲ್ಲ, ಇನ್ನೊಂದಕ್ಕೆ ನೀರು ಸ್ವಲ್ಪ ತಡವಾಗಿ ಬರುತ್ತದೆ. ದಾರಿಯಲ್ಲಿ ಗ್ಲೌಸ್ ಚೆನ್ನಾಗಿಯೇ ಇತ್ತು, ಕಪ್ಪತಗುಡ್ಡದ ಕಡೆಯ ಗಾಳಿಯನ್ನು ತಡೆಯಿತು. ಅದು ಸೋತದ್ದು ಕಡಲೆ ಹೊಲದ ಬದುವಿನಲ್ಲಿ.

ಕಡಲೆ ಹೊಲ ಬೆಳಗಿನ ಜಾವ ಹೇಗಿರುತ್ತದೆ ಎಂದು ಹೊಲದವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಎಲೆ ಎಲೆಗೂ ಕೂದಲಿನಂಥ ಸಣ್ಣ ರೋಮ. ಪ್ರತಿ ರೋಮದ ತುದಿಯಲ್ಲಿ ಒಂದು ಹನಿ. ಅದು ಬರೀ ಇಬ್ಬನಿ ಅಲ್ಲ, ಗಿಡವೇ ಬಿಡುವ ಹುಳಿ ಅದರಲ್ಲಿ ಕೂಡಿರುತ್ತದೆ. ಹಿಂದಿನವರು ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಔಷಧಿಗೆ ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಕಡಲೆ ಗಿಡ ಕಿತ್ತು ಹಸಿ ಕಾಯಿ ತಿಂದವರಿಗೆ ತುಟಿ ಮೇಲಿನ ಆ ಉಪ್ಪುಹುಳಿ ನೆನಪಿರುತ್ತದೆ, ಅಲ್ವಾ?

ನಾನು ಬದುವಿನ ಮೇಲೆ ಬೋರಲು ಮಲಗಿದ್ದೆ. ಪಕ್ಕದ ಗಿಡಗಳು ಬದುವಿನ ಮೇಲೇ ಬಾಗಿದ್ದವು. ಲೆನ್ಸ್ ಕೆಳಗೆ ಎಡಗೈ ಇಟ್ಟುಕೊಂಡು ಅರ್ಧ ತಾಸು. ಮೊದಲು ಕಿರುಬೆರಳಿನ ಹೊಲಿಗೆ ಒದ್ದೆಯಾಯಿತು. ಆಮೇಲೆ ಅಂಗೈ. ಚಳಿಗೆ ಒಡೆದ ಬೆರಳಿನ ಸಂದಿಗೆ ಆ ಹುಳಿ ಇಳಿದಾಗ, ಲಿಂಬೆಹಣ್ಣು ಹಿಂಡಿದ ಹಾಗೆ ಉರಿಯಿತು. ಸದ್ದು ಮಾಡುವ ಹಾಗಿಲ್ಲ, ನೂರು ಹೆಜ್ಜೆ ಆಚೆ ಹೆಬ್ಬಾತಿನ ಹಿಂಡು. ಹಲ್ಲು ಕಚ್ಚಿದೆ. ಅಷ್ಟರಲ್ಲಿ ಗಾಳಿ ಎದ್ದಿತು. ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಟ್ಟರೆ ನೀರು ಹೇಗೆ ತಣ್ಣಗಾಗುತ್ತದೋ, ನನ್ನ ಕೈ ಹಾಗೆ ತಣ್ಣಗಾಯಿತು. ನಾನು ಹಾಕಿಕೊಂಡದ್ದು ಗ್ಲೌಸ್ ಅಲ್ಲ, ಕೊಡಕ್ಕೆ ಸುತ್ತಿದ ಒದ್ದೆ ಬಟ್ಟೆ. ಬರಿಗೈಲಿ ಇದ್ದಿದ್ದರೆ ಒರೆಸಿಕೊಂಡು ಕಂಕುಳಲ್ಲಿ ಇಟ್ಟುಕೊಳ್ಳಬಹುದಿತ್ತು.

ನಮ್ಮ ಕಡೆಯ ತೊಂದರೆ ಥಂಡಿ ಅಲ್ಲ, ಒದ್ದೆ ಮತ್ತು ಗಾಳಿ ಎಂದು ಅವತ್ತು ತಿಳಿಯಿತು. ಹದಿಮೂರು ಡಿಗ್ರಿಯಲ್ಲಿ ಒಣಗಿದ ಕೈಗೆ ಹಳೆಯ ಉಲನ್ ಗ್ಲೌಸೇ ಸಾಕು. ಒದ್ದೆ ಕೈಗೆ ಎಷ್ಟು ದಪ್ಪದ ಗ್ಲೌಸ್ ಹಾಕಿದರೂ ಅಷ್ಟೇ.

ಆಮೇಲಿನಿಂದ ಯಾವ ಗ್ಲೌಸ್ ತಂದರೂ ಮೊದಲು ಬಚ್ಚಲಿಗೆ ಒಯ್ಯುತ್ತೇನೆ. ಪ್ರತಿ ಬೆರಳಿನ ತುದಿಯೊಳಗೆ ಒಂದು ಚೂರು ಟಿಶ್ಯೂ ಪೇಪರ್ ತುರುಕಿ, ಕೈಗೆ ಹಾಕಿಕೊಂಡು, ಮಣಿಕಟ್ಟಿನವರೆಗೆ ಬಕೆಟ್ಟಿನಲ್ಲಿ ಅದ್ದಿ, ಐದು ನಿಮಿಷ ಬೆರಳು ಆಡಿಸುತ್ತಾ ಕೂರುವುದು. ಬರೀ ಅದ್ದಿದರೆ ಸಾಲದು, ಬೆರಳು ಮಡಚಿದಾಗಲೇ ಹೊಲಿಗೆ ಬಾಯಿ ಬಿಡುವುದು. ಮನೆಯವಳು ಮೊದಲ ಸಲ ನೋಡಿದಾಗ "ಏನ್ರೀ, ಎಮ್ಮಿ ಹಾಲು ಹಿಂಡೂದು ಕಲ್ಯಾಕತ್ತೀರೇನು?" ಎಂದಳು. ಸೋರುವುದು ಸಾಮಾನ್ಯವಾಗಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿನಲ್ಲಿ. ಅಲ್ಲಿ ಹಲವು ತುಂಡು ಬಟ್ಟೆ ಒಂದೇ ಕಡೆ ಸೇರುತ್ತವೆ. ಸೂಜಿ ಹೋದಲ್ಲೆಲ್ಲ ತೂತು ತಾನೇ? ಒಳಗಿನಿಂದ ಆ ಹೊಲಿಗೆಗೆ ಪಟ್ಟಿ ಅಂಟಿಸಿದ್ದರೆ ಮಾತ್ರ ನೀರು ನಿಲ್ಲುತ್ತದೆ.

ಎರಡನೆಯ ಜೋಡಿ ಬಕೆಟ್ಟಿನಲ್ಲಿ ಪಾಸಾಯಿತು. ಹೊರಗೆ ಬಟ್ಟೆ, ನಡುವೆ ತೆಳು ಪೊರೆ, ಒಳಗೆ ಅಸ್ತರು. ಎರಡೂವರೆ ಸಾವಿರ ಹೋಯಿತು. ನೀರು ಪೊರೆ ದಾಟಲಿಲ್ಲ, ನಿಜ. ಆದರೆ ಹೊರಬಟ್ಟೆ ನೀರು ಕುಡಿದು ಭಾರವಾಯಿತು, ಗಾಳಿಗೆ ಅದೂ ತಣ್ಣಗಾಗಿ ಒಳಗಿನ ಬಿಸಿ ಎಳೆದುಕೊಂಡಿತು. ಇನ್ನೊಂದು ಕಿರಿಕಿರಿ ಬೇರೆ. ಬೆವೆತ ಕೈ ಹೊರಗೆ ತೆಗೆದರೆ ಅಸ್ತರು ಬೆರಳಿಗೆ ಅಂಟಿಕೊಂಡು ಈಚೆ ಬರುತ್ತಿತ್ತು. ಮತ್ತೆ ಒಳಗೆ ಕೂರಿಸಲು ಪೆನ್ನಿನ ಹಿಂಬದಿಯಿಂದ ಒಂದೊಂದೇ ಬೆರಳು ತಳ್ಳಬೇಕು. ಹೆಬ್ಬಾತು ಅಲ್ಲಿಯವರೆಗೆ ಕಾಯುತ್ತದೆಯೇ?

ಈ ಹುಡುಕಾಟದಲ್ಲಿ ಫೋನಿನಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ಇಂಗ್ಲೆಂಡಿನ ಬಾತುಕೋಳಿ ಬೇಟೆಗಾರರ ಗ್ಲೌಸ್. "ಹಕ್ಕಿ, ಚಳಿಗಾಲ, ಶೂಟಿಂಗ್, ಗ್ಲೌಸ್" ಎಂದು ಹುಡುಕಿದರೆ ಅವರೇ ಬರುತ್ತಾರೆ. ಅಲ್ಲಿ ಸೆಪ್ಟೆಂಬರ್ 1ರಿಂದ ಜನವರಿ 31ರವರೆಗೆ ಬೇಟೆಯ ಕಾಲ, ಸಮುದ್ರದ ಭರತದ ಗೆರೆಯ ಕೆಳಗಾದರೆ ಫೆಬ್ರವರಿ 20ರವರೆಗೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಈಗ ಆ ಮಾತೇ ಇಲ್ಲ, ಇರಬಾರದು ಕೂಡ. ಹಕ್ಕಿ ಹೊಡೆಯುವವರ ಮೇಲೆ ನನಗೆ ಪ್ರೀತಿ ಇಲ್ಲ. ಆದರೆ ಕೈ ವಿಷಯದಲ್ಲಿ ಅವರದೂ ನನ್ನದೂ ಒಂದೇ ಗೋಳು. ಅವರೂ ಕತ್ತಲಲ್ಲಿ ಹೋಗಿ ಕೆಸರಿನಲ್ಲಿ ಅಲುಗಾಡದೆ ಕೂರುತ್ತಾರೆ, ಅವರಿಗೂ ಬಲಗೈ ತೋರುಬೆರಳೇ ಮುಖ್ಯ. ಅದಕ್ಕೇ ಅವರ ಗ್ಲೌಸಿನಲ್ಲಿ ಆ ಬೆರಳಿಗೆ ಒಂದು ಸೀಳು ಇರುತ್ತದೆ, ಬೇಕಾದಾಗ ತುದಿ ಹೊರಗೆ ಹಾಕಬಹುದು. ಹಕ್ಕಿಗಳನ್ನು ಸೆಳೆಯಲು ನೀರಿನಲ್ಲಿ ತೇಲಿಬಿಟ್ಟ ಸುಳ್ಳು ಬಾತುಗಳನ್ನು ಎತ್ತಿಕೊಳ್ಳಲು ಮೊಣಕೈವರೆಗಿನ ಗ್ಲೌಸ್ ಬೇರೆ. ಎರಡು ಕೆಲಸಕ್ಕೆ ಎರಡು ಜೋಡಿ. ಈ ಬುದ್ಧಿ ನಾನು ಅವರಿಂದ ಕಲಿತೆ. ಅಲ್ಲಿಯವರೆಗೆ ಬೈಕಿಗೂ ಕ್ಯಾಮೆರಾಕ್ಕೂ ಒಂದೇ ಗ್ಲೌಸ್ ಸಾಕು ಎನ್ನುವ ಜಿಪುಣತನ ನನ್ನದು.

ಅವರು ಹೊಗಳುವ ನಿಯೋಪ್ರೀನ್ ಗ್ಲೌಸನ್ನೂ ತರಿಸಿದೆ. ಸಮುದ್ರದಲ್ಲಿ ಡೈವಿಂಗ್ ಮಾಡುವವರು ಹಾಕುವ ಸೂಟಿನ ರಬ್ಬರ್ ಅದು, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ. ಬೆಚ್ಚಗೆ ಇರುತ್ತದೆ, ಸುಳ್ಳಲ್ಲ. ಆದರೆ ಅದು ಅವರ ಹಿಮದ ನೀರಿಗೆ ಮಾಡಿದ್ದು. ನಮ್ಮಲ್ಲಿ ಎಂಟು ಗಂಟೆಗೆ ಬಿಸಿಲು ಬಿದ್ದರೆ ಒಳಗೆ ಬೆವರಿನ ಕೆರೆ. ನನ್ನದು ಒಂದು ಸೈಜ್ ಚಿಕ್ಕದು ಬೇರೆ. ಬಿಗಿಯಾದ ಗ್ಲೌಸ್ ರಕ್ತ ಓಡಾಡಲು ಬಿಡುವುದಿಲ್ಲ, ಒಳಗೆ ಗಾಳಿ ನಿಲ್ಲಲೂ ಜಾಗ ಇರುವುದಿಲ್ಲ. ಬಿಗಿ ಇದ್ದರೆ ಬೆಚ್ಚಗಿರುತ್ತದೆ ಎಂದು ನಾವು ಅಂದುಕೊಳ್ಳುವುದು ತಪ್ಪು. ಅದರ ಬಲಗೈ ಎಲ್ಲೋ ಬೈಕಿನಿಂದ ಬಿತ್ತು. ಡ್ರಾಯರಿನ ಒಂಟಿ ಎಡಗೈ ಅದೇ.

ಒಂದು ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ. ನಾನು ಇಷ್ಟೆಲ್ಲ ಪಾಡು ಪಡುತ್ತಿರುವಾಗ ಎದುರಿಗೆ ಹೆಬ್ಬಾತು ಬರಿಗಾಲಲ್ಲಿ ನೀರಿನಲ್ಲಿ ನಿಂತಿರುತ್ತದೆ. ಅದರ ಕಾಲಿನೊಳಗೆ ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆ ರಕ್ತದ ನಾಳವೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಬಿಸಿ ಅಲ್ಲೇ ಕೈಬದಲಾಗಿ ಹೊಟ್ಟೆಗೆ ವಾಪಸ್. ಪಾದ ತಣ್ಣಗಿದ್ದರೂ ಮೈ ತಣ್ಣಗಾಗುವುದಿಲ್ಲ. ನನ್ನ ಬೆರಳಿಗೆ ಅಂಥ ಭಾಗ್ಯವಿಲ್ಲ.

ಹುಬ್ಬಳ್ಳಿಯಲ್ಲಿ ಪ್ರತಿ ಚಳಿಗಾಲ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ, ನೋಡಿರುತ್ತೀರಿ. ಲೆನ್ಸ್ ರಿಪೇರಿಗೆ ಹೋದವನು ಅಲ್ಲಿಗೂ ಹೋದೆ. ಅಂಗಡಿಯಲ್ಲಿದ್ದ ಅಕ್ಕನಿಗೆ ತೆಳ್ಳಗಿನ ಉಲನ್ ಗ್ಲೌಸ್ ಬೇಕು, ಬೆರಳಿಗೆ ಬಟನ್ ಗೊತ್ತಾಗಬೇಕು ಎಂದೆ. ಎಂಥ ಬಟನ್ ಎಂದು ಕೇಳಿದರು. ಫೋನ್ ತೆಗೆದು ಹೆಬ್ಬಾತಿನ ಫೋಟೋ ತೋರಿಸಿದೆ. ಇದು ನಿಮ್ಮ ಕಡೆಯಿಂದಲೇ ಬರುತ್ತದೆ ಎಂದೆ. ಅವರು ದೊಡ್ಡದು ಮಾಡಿ ನೋಡಿ, "ನಮ್ ಕಡೆ ಅಂದ್ರ ಮುಂಡಗೋಡ್ರಿ. ನಾ ಅಲ್ಲೇ ಹುಟ್ಟೀನಿ. ಟಿಬೆಟ್ ನೋಡೇ ಇಲ್ಲ" ಎಂದು ನಕ್ಕರು. ಆಮೇಲೆ ಫೋಟೋ ತಮ್ಮ ತಾಯಿಗೆ ಕಳಿಸಲು ಹೇಳಿದರು. ಕಳಿಸಿದೆ. ಗ್ಲೌಸಿಗೆ ಇನ್ನೂರು ಹೇಳಿದ್ದರು, ನೂರೈವತ್ತು ತೆಗೆದುಕೊಂಡರು.

ಆ ನೂರೈವತ್ತರದ್ದೇ ಈಗ ನನ್ನ ಒಳಗಿನ ಗ್ಲೌಸ್. ಉಣ್ಣೆಯ ಗುಣ ಏನೆಂದರೆ ಸ್ವಲ್ಪ ಒದ್ದೆಯಾದರೂ ಬಿಸಿ ಪೂರ್ತಿ ಬಿಟ್ಟುಕೊಡುವುದಿಲ್ಲ. ಹತ್ತಿಯದು ಒದ್ದೆಯಾದರೆ ಮುಗಿಯಿತು. ಕಡಲೆ ಹುಳಿ ಜಾಸ್ತಿ ಇರುವ ದಿನ ಮೆಡಿಕಲ್ ಶಾಪಿನ ನೀಲಿ ನೈಟ್ರೈಲ್ ಗ್ಲೌಸ್ ಕೈಗೆ ಹಾಕಿ, ಅದರ ಮೇಲೆ ಉಣ್ಣೆ. ಒಳಗೆ ಬೆವರುತ್ತದೆ, ಆದರೆ ಗಾಳಿಯೂ ಹುಳಿಯೂ ಚರ್ಮ ಮುಟ್ಟುವುದಿಲ್ಲ. ಒಂದು ತಾಸಿಗೆ ಪರವಾಗಿಲ್ಲ. ಸಡಿಲ ಸೈಜ್ ಕೇಳಿ ತನ್ನಿ.

ಹೊರಗಿನದಕ್ಕೆ ಉತ್ತರ ಸಿಕ್ಕಿದ್ದು ಕೆರೆಯ ದಂಡೆಯಲ್ಲೇ. ಒಬ್ಬ ಕುರಿ ಕಾಯುವ ಅಜ್ಜ ಅಲ್ಲಿ ಆಗಾಗ ಸಿಗುತ್ತಿದ್ದ. ಮೊದಲ ಸಲ ನನ್ನ ಉದ್ದ ಲೆನ್ಸ್ ನೋಡಿ, "ತಮ್ಮಾ, ಬಂದೂಕೇನೋ ಅದು?" ಎಂದು ಕೇಳಿದ್ದ.

"ಅಲ್ಲಪಾ ಅಜ್ಜಾ, ಕ್ಯಾಮೆರಾ."

"ಹಂಗಾರ ಕೂಡು. ಬಂದೂಕ ಇದ್ರ ಊರಾಗ ಹೇಳ್ತಿದ್ದೆ."

ಅವತ್ತು ಇಬ್ಬನಿ ಹನಿ ಹನಿಯಾಗಿ ಬೀಳುತ್ತಿತ್ತು. ಅಜ್ಜ ಕಂಬಳಿಯನ್ನು ಮಡಚಿ ತಲೆಯ ಮೇಲಿಂದ ಮೈತುಂಬ ಕೊಪ್ಪೆ ಹಾಕಿಕೊಂಡು ಕೂತಿದ್ದ. ಕಂಬಳಿಯ ಮೇಲೆಲ್ಲ ಇಬ್ಬನಿ, ಸಾಬೂದಾಣಿ ಚೆಲ್ಲಿದ ಹಾಗೆ. ಒಂದು ಹನಿಯೂ ಒಳಗೆ ಇಳಿದಿಲ್ಲ. ಎದ್ದು ಒಮ್ಮೆ ಕೊಡವಿದ, ಹನಿಗಳೆಲ್ಲ ನೆಲಕ್ಕೆ. ಅವನ ಕೈ ಮುಟ್ಟಿ ನೋಡಿದೆ. ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯಂತಿತ್ತು. ಎಪ್ಪತ್ತು ದಾಟಿದ ಕೈ ಅದು. ಅಜ್ಜನಿಗೆ ಗ್ಲೌಸ್ ಇಲ್ಲ, ಮೈ ಬೆಚ್ಚಗಿದೆ, ಅದಕ್ಕೇ ಕೈ ಬೆಚ್ಚಗಿದೆ. ಡಾಕ್ಟರು ಹೇಳಿದ ಆ ಕೊನೆಯ ಮಾತು ಎದುರಿಗೇ ಕೂತಿತ್ತು.

ನಮ್ಮ ಮನೆಯ ಅಟ್ಟದಲ್ಲಿ ನನ್ನ ಅಜ್ಜನ ಕಾಲದ, ರಾಣೆಬೆನ್ನೂರು ಕಡೆಯ ಮೆಡ್ಲೇರಿ ಊರಿನ ಕಂಬಳಿ ಇತ್ತು. ಒಂದು ಮೂಲೆ ಇಲಿ ತಿಂದಿತ್ತು. ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ, ನೂಲು ಬಿರುಸಾಗಿ ನೇಯ್ಗೆ ಒತ್ತಾಗಿ ಕೂರುತ್ತದೆ. ದಕ್ಕನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ, ಆದರೆ ನೀರಿಗೆ ಬೇಗ ಸೋಲುವುದಿಲ್ಲ. ಇಲಿ ತಿಂದ ಮೂಲೆ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ನಮ್ಮ ಓಣಿಯ ಟೇಲರ್ ಬಳಿ ಒಯ್ದೆ.

ಐದು ಬೆರಳಿನ ಗ್ಲೌಸ್ ಇದರಲ್ಲಿ ಆಗುವುದಿಲ್ಲ ಎಂದು ಅವರು ಮೊದಲೇ ಹೇಳಿದರು, ಸೂಜಿ ಮುರಿಯುತ್ತದೆ. ಬೆರಳು ಬೇಡ, ಒಂದು ಚೀಲ ಹೊಲಿಯಿರಿ ಎಂದೆ. ಎರಡೂ ಕಡೆ ಬಾಯಿ, ಕೊರಳಿಗೆ ಪಟ್ಟಿ, ಹೊಟ್ಟೆ ಮುಂದೆ ತೂಗುವಂಥದ್ದು. ಎರಡೂ ಕೈ ಆಚೆ ಈಚೆಯಿಂದ ಒಳಗೆ ಹೋಗಿ ನಡುವೆ ಒಂದಕ್ಕೊಂದು ಸಿಗಬೇಕು. ಬೆರಳುಗಳು ಬೇರೆ ಬೇರೆ ಇರುವುದಕ್ಕಿಂತ ಒಟ್ಟಿಗಿದ್ದರೆ ಬೆಚ್ಚಗಿರುತ್ತವೆ, ಚಳಿಗೆ ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗಿದ ಹಾಗೆ. ಒಳಗೆ ನನ್ನ ಹಳೆಯ ಸ್ವೆಟರಿನ ಅಸ್ತರು. ಹೊರಗೆ ಮೇಲ್ಭಾಗದಲ್ಲಿ ಮಾತ್ರ ಛತ್ರಿ ಬಟ್ಟೆಯ ಒಂದು ಪದರ. ಟೇಲರ್ ಅದಕ್ಕೆ "ಕೈಕೊಪ್ಪೆ" ಎಂದು ಹೆಸರಿಟ್ಟರು. ನೂರಾ ಇಪ್ಪತ್ತು ರೂಪಾಯಿ ಕೂಲಿ, ಮುರಿದ ಎರಡು ಸೂಜಿಗೆ ಮತ್ತೆ ಇಪ್ಪತ್ತು.

ಈಗ ನಡೆಯುವುದು ಹೀಗೆ. ಬೈಕಿಗೆ ಆ ಒಂಬೈನೂರರ ಗ್ಲೌಸ್, ಗಾಳಿ ತಡೆಯುವುದಕ್ಕೆ ಅದು ಸಾಕು. ಕೆರೆಗೆ ಮುಟ್ಟಿದ ಮೇಲೆ ಅದನ್ನು ಬ್ಯಾಗಿಗೆ ಹಾಕಿ ಒಣಗಿದ ಉಲನ್ ಗ್ಲೌಸ್ ತೆಗೆಯುತ್ತೇನೆ. ಬಲಗೈ ತೋರುಬೆರಳಿನ ತುದಿಯನ್ನು ಉಗುರಿನಷ್ಟು ಕತ್ತರಿಸಿ ಅಂಚು ಹೊಲಿಸಿದ್ದೇನೆ, ಬೇಟೆಗಾರರ ಸೀಳಿನ ಉಪಕಾರ. ಫೋಕಸ್ ಮಾಡುವ ಕೆಲಸವನ್ನು ಕ್ಯಾಮೆರಾ ಹಿಂದಿನ ಬಟನ್ನಿಗೆ, ಅಂದರೆ ಹೆಬ್ಬೆರಳಿಗೆ, ಬದಲಾಯಿಸಿಕೊಂಡೆ. ಈಗ ಅರ್ಧ ಒತ್ತುವ ತಂಟೆ ಇಲ್ಲ. ಮೈಮೇಲೆ ಎರಡು ಸ್ವೆಟರ್, ಕಿವಿಗೆ ಮಫ್ಲರ್, ಹೊಟ್ಟೆ ಮುಂದೆ ಕೈಕೊಪ್ಪೆ. ದೂರದಲ್ಲಿ ಹೆಬ್ಬಾತಿನ ದನಿ ಕೇಳಿದ ಮೇಲೆ ಕೈ ಹೊರಗೆ. ಹಿಂಡು ಇಳಿದ ಮೇಲೆ ಮತ್ತೆ ಒಳಗೆ. ಹೋದ ಚಳಿಗಾಲ ಹನ್ನೊಂದು ಸಲ ಹೋದೆ, ಬೆರಳು ಬೆಳ್ಳಗಾದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ತಪ್ಪು ನನ್ನದೇ, ಚಹಾ ಕುಡಿಯಲು ಗ್ಲೌಸ್ ತೆಗೆದು ಮರೆತು ಕೂತಿದ್ದೆ.

ದೋಷ ಇಲ್ಲ ಎಂದಲ್ಲ. ಬದುವಿನ ಮೇಲೆ ತೆವಳಿದರೆ ಹುಲ್ಲಿನ ಮುಳ್ಳೆಲ್ಲ ಕಂಬಳಿಗೆ ಹತ್ತುತ್ತದೆ. ಮನೆಗೆ ಬಂದು ಮಗಳು ಒಂದೊಂದೇ ಆರಿಸುತ್ತಾಳೆ, ಹತ್ತಕ್ಕೆ ಒಂದು ರೂಪಾಯಿ ದರ ಕಟ್ಟಿದ್ದಾಳೆ. ಒದ್ದೆಯಾದ ದಿನ ಮನೆತುಂಬ ಕುರಿ ವಾಸನೆ. ಎಡಬಾಯಿ ಸ್ವಲ್ಪ ಅಗಲವಾಯಿತು, ಗಾಳಿ ನುಗ್ಗುತ್ತದೆ, ಅಲ್ಲೊಂದು ಲಾಡಿ ಹೊಲಿಸಬೇಕು. ಟೇಲರ್ ಬಳಿ ಕೇಳಿದೆ. "ಮದಿವಿ ಬ್ಲೌಸ್ ಅದಾವ್ರಿ, ಧನುರ್ಮಾಸ ಹತ್ತಲಿ, ಆಮ್ಯಾಲೆ ತರ್ರಿ" ಎಂದರು.